ಮೆಟ್ಟಿಲ ದೀಪ ದೊಡ್ಡದು ಮಾಡು

ಬೇಲೂರು
೬ ಜನವರಿ ೨೦೨೫

ಅಣ್ಣನಿಗೆ,

ಸ್ವಸ್ತಿ ಶ್ರೀ. ಅರಸೀಕೆರೆಯ ಬಿ.ಎಚ್. ರಸ್ತೆಯಲ್ಲಿ ಸೋಫಾಗಳನ್ನೂ ತೂಗುದೀಪಗಳನ್ನೂ ಸುಖಸಂಕಥಾವಿನೋದದಿಂದ ಆಳುತ್ತಿರುವ ಮಹಾಮಂಡಲೇಶ್ವರ ಇಂದ್ರೇಶನಿಗೆ, ಬೇಲೂರಿನ ಬಾಡಿಗೆ ಮನೆಯ ಹಿತ್ತಲಲ್ಲಿ ಅವರೆಕಾಯಿ ಸುಲಿಯುತ್ತ ಕುಳಿತಿರುವ ತಂಗಿ ಶರ್ಮಿಳಾದೇವಿಯು ಬರೆಸಿದ ಶಾಸನ. ಕಲ್ಲು ಸಿಗಲಿಲ್ಲ, ಹಾಳೆಯ ಮೇಲೆ ಕೆತ್ತಿಸಿದ್ದೇನೆ.

ಫೋನ್ ಇರುವಾಗ ಕಾಗದ ಯಾಕೆ ಅನ್ನಬೇಡ. ನಮ್ಮ ಅತ್ತೆ ದ್ರಾಕ್ಷಾಯಣಮ್ಮನವರಿಗೆ ಫೋನ್ ಅಂದರೆ ರೇಡಿಯೋ ಇದ್ದ ಹಾಗೆ. ಸ್ಪೀಕರ್ ಹಾಕಿ ಮನೆಯವರೆಲ್ಲ ಕೇಳಬೇಕು. ಜಾವಗಲ್ ಮೇಲೆ ಹೋಗುವ ಬಸ್ಸಿನ ಕಂಡಕ್ಟರ್ ರಘು ಅಣ್ಣನ ಕೈಲಿ ಇದನ್ನು ಕಳಿಸ್ತಾ ಇದೀನಿ. ನೀನೂ ಅವನ ಕೈಲೇ ಕಳಿಸು. ಲಕೋಟೆ ಮೇಲೆ ‘ಕ್ಯಾಟಲಾಗ್’ ಅಂತ ಬರಿ, ಯಾರೂ ಮುಟ್ಟಲ್ಲ.

ಬಿಕ್ಕೋಡು ರಸ್ತೆಯ ಹೊಸ ಮನೆಗೆ ಬಣ್ಣ ಶುರುವಾಗಿದೆ. ಶಿವರಾತ್ರಿ ಕಳೆದ ಮೇಲೆ ಗೃಹಪ್ರವೇಶ. ಇವರು ಹಳೇಬೀಡಿನ ಬ್ಯಾಂಕಿಂದ ಬರೋಷ್ಟರಲ್ಲಿ ಕತ್ತಲಾಗಿರುತ್ತೆ. ಹಾಗಾಗಿ ಯಾವ ಕೋಣೆಗೆ ಯಾವ ಸಾಮಾನು, ಯಾವ ದೀಪ ಅನ್ನೋದನ್ನು ಆರಿಸುವ ರಾಜ್ಯಾಧಿಕಾರ ನನಗೆ ಬಂದಿದೆ. ಮೊದಲು ಹಾಲ್. ಸೋಫಾಕ್ಕೆ ಚೂಪು ಮೂಲೆ ಇರಕೂಡದು. ಟೀಪಾಯಿ ಗಾಜಿನದ್ದು ಬೇಡವೇ ಬೇಡ. ಮರದ್ದು, ದುಂಡಗಿನದು, ಗೋಡೆ ಬಿಳಿ ಆದ್ದರಿಂದ ಕಡುಬಣ್ಣದ್ದು. ಸ್ವಿಚ್ಚು ಒಳಗಿನಿಂದಲೇ ಹೊಳೆಯೋ ಥರದ್ದು ಬರುತ್ತಲ್ಲ, ಅದು. ದೀಪ ಮಧ್ಯಕ್ಕೊಂದು ಸಾಲದು, ನಾಲ್ಕೂ ಮೂಲೆಗೆ ಬೇಕು. ನೆರಳು ಅನ್ನೋ ಪದಾರ್ಥ ಆ ಹಾಲಿನಲ್ಲಿ ಕಾಣಕೂಡದು.

ಈ ಶಾಸನವನ್ನು ಮೀರಿದವನು ಹಳಸಿದ ಚಿತ್ರಾನ್ನವನ್ನು ಆಚಂದ್ರಾರ್ಕವಾಗಿ ತಿನ್ನತಕ್ಕದ್ದು.

ಇದು ಶಾಸನದ ಹೊರಗಿನ ಮಾತು. ದೀಪಗಳೆಲ್ಲ ಗೃಹಪ್ರವೇಶದ ದಿನಕ್ಕೆ ಹತ್ತಲೇಬೇಕು. ಇಲ್ಲದಿದ್ದರೆ ಸಂಜೆ ಮೇಲೆ ಆ ಮನೇಲಿ ನನಗೆ ಇರಕ್ಕಾಗಲ್ಲ ಅಣ್ಣ.

ಶರ್ಮಿ


ಅರಸೀಕೆರೆ
೧೧ ಜನವರಿ ೨೦೨೫

ಪುಟ್ಟಿ,

ನಿನ್ನ ಶಾಸನ ಮುಟ್ಟಿತು. ಅಂಗಡಿಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ಕೊಬ್ಬರಿ ಮಂಡಿಯಿಂದ ಬಂದಿದ್ದ ಅಪ್ಪನೂ ನಕ್ಕರು. ನಮ್ಮ ಕಲ್ಲೇಶಪ್ಪನವರು ನಗೋದು ಅಂದರೆ ಗೊತ್ತಲ್ಲ, ಮೀಸೆ ಮಾತ್ರ ಅಲ್ಲಾಡುತ್ತೆ.

ನಾಲ್ಕು ಮೂಲೆಗೂ ದೀಪ ಯಾಕೆ ಬೇಕು ಅಂತ ನನಗೆ ಅರ್ಥವಾಯಿತು ಬಿಡು. ಬಿಕ್ಕೋಡು ಕಡೆಯ ಎಸ್ಟೇಟಿನವರು ಕಾರಲ್ಲಿ ಹೋಗುವಾಗ ತಲೆ ತಿರುಗಿಸಿ ನೋಡಬೇಕು, ಅಷ್ಟೇ ತಾನೆ? ಈಗ ಯಾರೂ ಅಷ್ಟು ಬೆಳಕು ಹಾಕಿಸಲ್ಲ ಕಣೇ. ಈಗಿನ ಫ್ಯಾಷನ್ನು ಮಂದ ಬೆಳಕು. ಸೋಫಾ ಪಕ್ಕ ಒಂದು ಎತ್ತರದ ನಿಲುದೀಪ, ಗೋಡೆಗೆ ಬಿದ್ದೂ ಬೀಳದ ಹಳದಿ ಬೆಳಕು. ಮಿಕ್ಕಿದ್ದು ನೆರಳು. ನೆರಳೇ ಡಿಸೈನು. ಕ್ಯಾಟಲಾಗ್ ಕಳಿಸಿದ್ದೀನಿ, ಗುರುತು ಹಾಕಿದ ಪುಟ ನೋಡು.

ಅಮ್ಮ ನಿನ್ನ ಕಾಗದದಲ್ಲಿ ‘ದೀಪ ಆರಿಸುವ’ ಅಂತ ಕೇಳಿ ಬೈದಳು. ಮೊನ್ನೆ ಹಾರನಹಳ್ಳಿಯವರು ಅಂಗಡಿಗೆ ಬಂದು, ಕಾಂತಮ್ಮ, ದೀಪ ಆರಿಸಕ್ಕೆ ಬಂದ್ವಿ ಅಂದಿದ್ದಕ್ಕೆ ಅವರಿಗೂ ಬೈಗುಳ ಆಗಿದೆ, ದುಡ್ಡು ಕೊಡುವ ಗಿರಾಕಿ ಅಂತಲೂ ನೋಡಲಿಲ್ಲ. ನಮ್ಮ ಮನೇಲಿ ದೀಪ ಆರಿಸಲ್ಲ, ದೊಡ್ಡದು ಮಾಡ್ತೀವಿ. ನಿನಗೆ ಮರೆತೇ ಹೋಯಿತಾ? ಮಲಗುವಾಗ ಟ್ಯೂಬ್‌ಲೈಟಿಗೂ ಅಮ್ಮ ಅದನ್ನೇ ಹೇಳ್ತಾಳೆ, ಇಂದ್ರೇಶ, ದೀಪ ದೊಡ್ಡದು ಮಾಡು. ನಾನು ಸ್ವಿಚ್ ಆಫ್ ಮಾಡ್ತೀನಿ.

ಕರೆಂಟು ಹೋದಾಗ ನೀನು ಗೋಡೌನಿನ ತೆಂಗಿನಕಾಯಿ ರಾಶಿ ಪಕ್ಕ ಅಲ್ಲಾಡದೆ ಕೂತು ದೆವ್ವದ ಥರ ಹೂಂಗುಡ್ತಿದ್ದೆಯಲ್ಲ, ಅವಳಿಗೆ ಈಗ ಮೂಲೆ ಮೂಲೆಗೂ ಬೆಳಕು ಬೇಕಂತೆ. ದೊಡ್ಡ ಮನುಷ್ಯಳಾದೆ.

ಇಂದ್ರೇಶ


ಬೇಲೂರು
೧೯ ಜನವರಿ ೨೦೨೫

ಅಣ್ಣ,

ಮಂದ ಬೆಳಕಿನ ಪುಟವನ್ನು ಹರಿದು ಒಲೆಗೆ ಹಾಕಿದೆ. ರಾಜಾಜ್ಞೆ ಅಂದುಕೋ.

ಅಡುಗೆಮನೆ: ಕಟ್ಟೆಯ ಮೇಲೂ ಬೀರುಗಳ ಕೆಳಗೂ ಎಲ್‌ಇಡಿ ಪಟ್ಟಿ. ಬೀರುವಿನ ಬಾಗಿಲು ಪಕ್ಕಕ್ಕೆ ಜಾರುವಂಥದ್ದು, ಈಚೆಗೆ ತೆರೆಯುವಂಥದ್ದಲ್ಲ. ಮಲಗುವ ಕೋಣೆ: ಮಂಚದ ಕಾಲು ಹೊರಗೆ ಚಾಚಿರಕೂಡದು. ಮಂಚದ ಕೆಳಗಿನಿಂದ ಬಚ್ಚಲಿನ ಬಾಗಿಲವರೆಗೆ ನೆಲದ ಮಟ್ಟಕ್ಕೆ ಸಣ್ಣ ದೀಪಗಳ ಸಾಲು, ವಿಮಾನ ಇಳಿಯೋ ಹಾದಿ ಥರ. ಮಹಾರಾಣಿಯ ವಿಮಾನ ರಾತ್ರಿ ಹೊತ್ತು ಇಳಿಯೋದುಂಟು. ಆಮೇಲೆ ಒಳಗಿನ ಮೆಟ್ಟಿಲು. ಅಲ್ಲಿಗೆ ಅಂತ ನೀನು ಕ್ಯಾಟಲಾಗಿನಲ್ಲಿ ಬರೆದಿರುವ ಪುಟಾಣಿ ದೀಪ ಸಾಲದು.

ನಿನಗೆ ಒಂದು ವಿಷಯ ಹೇಳಬೇಕು. ಸಂಕ್ರಾಂತಿ ದಿನ ಇವರು ಹಳೇಬೀಡಿಗೆ ಕರೆದುಕೊಂಡು ಹೋಗಿದ್ದರು. ದೇವಸ್ಥಾನ ನೋಡಿ, ಕೆರೆ ಏರಿ ಮೇಲೆ ಕಡಲೆಕಾಯಿ ತಿಂದು, ಹೊತ್ತು ಮುಳುಗಿದ್ದೇ ಗೊತ್ತಾಗಲಿಲ್ಲ. ಬೈಕ್ ನಿಲ್ಲಿಸಿದ ಕಡೆಗೆ ಇವರು ಮುಂದೆ, ನಾನು ಹಿಂದೆ. ಬಿಳಿ ಷರಟು ನೋಡಿಕೊಂಡು ನಡೀತಿದ್ದೆ. ಆಮೇಲೆ ಷರಟೂ ಹೋಯಿತು. ಸುತ್ತ ಜನ ಮಾತಾಡ್ತಾ ಓಡಾಡ್ತಾ ಇದಾರೆ, ಮಕ್ಕಳು ಓಡ್ತಾ ಇದಾವೆ, ಅವರಿಗೆಲ್ಲ ಅದು ಇನ್ನೂ ಸಂಜೆ. ನನಗೊಬ್ಬಳಿಗೆ ರಾತ್ರಿ. ಪಕ್ಕದಲ್ಲಿ ಕೆರೆ ಇದೆ ಅಂತ ಗೊತ್ತು, ಯಾವ ಪಕ್ಕ ಅಂತ ಗೊತ್ತಿಲ್ಲ. ನಿಂತಲ್ಲೇ ನಿಂತು ನಾಟಕದ ರಾಕ್ಷಸನ ಧ್ವನಿ ಮಾಡಿ, ಇವರ ಹೆಸರು ಹಿಡಿದು, ಎಲವೋ ಉದಯಕುಮಾರಾ, ಎಲ್ಲಿರುವೆ ಅಂತ ಕೂಗಿದೆ. ಇವರು ಜೋರಾಗಿ ನಕ್ಕರು. ನಗು ಬಂದ ಕಡೆಗೆ ನಡೆದೆ.

ಇವರು ಮನೆಗೆ ಬಂದು ಅತ್ತೆಗೆ ಹೇಳಿ ಇನ್ನೊಂದು ಸಲ ನಕ್ಕರು. ನಾನೂ ನಕ್ಕೆ. ಅಂಗೈ ಬೆವರು ಆರಿರಲಿಲ್ಲ.

ಮೆಟ್ಟಿಲಿಗೆ ಸರಿಯಾದ ದೀಪ ಹಾಕು.

ಶರ್ಮಿ


ಅರಸೀಕೆರೆ
೨೪ ಜನವರಿ ೨೦೨೫

ಪುಟ್ಟಿ,

ಕೆರೆ ಏರಿ ಮೇಲೆ ಏನೋ ಕಂಡು ಹೆದರಿದ್ದೀಯ ಅಂತ ಅಮ್ಮನಿಗೆ ಅನುಮಾನ. ಮಠದಿಂದ ವಿಭೂತಿ ತಂದು ಈ ಲಕೋಟೆಯಲ್ಲಿ ಇಟ್ಟಿದ್ದಾಳೆ, ಹಣೆಗೆ ಹಚ್ಚಿಕೋ. ಊರನ್ನೇ ಹೆದರಿಸಿದವಳನ್ನು ಕೊನೆಗೆ ಯಾವುದೋ ದೆವ್ವ ಹೆದರಿಸಿದೆ ಅಂದರೆ ನನಗೆ ಆ ದೆವ್ವದ ಮೇಲೆ ಗೌರವ.

ಭಾವ ಫೋನ್ ಮಾಡಿದ್ದರು. ಪಾಪ, ಸಂಕೋಚದ ಮನುಷ್ಯ. ಮನೆ ಅನ್ನೋದು ಚಿನ್ನದ ಅಂಗಡಿ ಥರ ಆಗ್ತಾ ಇದೆ, ಶರ್ಮಿಳಾಗೆ ನಾನು ಹೇಳಿದರೆ ಬೇಜಾರು ಮಾಡ್ಕೋತಾಳೆ, ನೀವೇ ಸ್ವಲ್ಪ ಕಡಿಮೆ ಮಾಡಿಸಿ ಅಂದರು. ಅವರ ಲೆಕ್ಕದಲ್ಲಿ ಮೆಟ್ಟಿಲ ದೀಪ ಸುಮ್ಮನೆ. ಹಾಲಿನ ಬೆಳಕು ಹೇಗೂ ಅಲ್ಲಿಗೆ ಬೀಳುತ್ತೆ. ನನಗೂ ಹಾಗೇ ಅನ್ನಿಸುತ್ತೆ. ಇಡೀ ಮನೆಯಲ್ಲಿ ಆ ಒಂದನ್ನಾದರೂ ಬಿಟ್ಟರೆ ಭಾವನ ಮಾತಿಗೆ ಬೆಲೆ ಕೊಟ್ಟ ಹಾಗಾಗುತ್ತೆ. ಮೆಟ್ಟಿಲ ದೀಪ ಏನು ಮಾಡಲಿ, ಒಂದೇ ಮಾತಲ್ಲಿ ಹೇಳು.

ಇಂದ್ರೇಶ


ಬೇಲೂರು
೨ ಫೆಬ್ರವರಿ ೨೦೨೫

ಅಣ್ಣ,

ಸ್ವಸ್ತಿ ಶ್ರೀ. ಸಮಸ್ತ ಪ್ರಜೆಗಳಿಗೆ ಈ ಮೂಲಕ ಸಾರುವುದೇನೆಂದರೆ, ಶ್ರೀಮನ್ಮಹಾರಾಣಿ ಶರ್ಮಿಳಾದೇವಿಯವರಿಗೆ ಇರುಳುಗಣ್ಣು. ಸೂರ್ಯನು ಅಸ್ತಮಿಸಿದೊಡನೆ ಅವರ ರಾಜ್ಯವೂ ಅಸ್ತಮಿಸುವುದು. ಚಿಕ್ಕಂದಿನಿಂದಲೂ ಹೀಗೆಯೇ. ಗೋಡೌನಿನಲ್ಲಿ ಅವರು ದೆವ್ವವಾಗಿ ಕೂತದ್ದು ದಾರಿ ಕಾಣದೆ. ಯಾರಾದರೂ ಹೆದರಿ ದೀಪ ತರಲಿ ಎಂದು ಹೂಂಗುಟ್ಟಿದ್ದು. ದೀಪ ಬಂದೊಡನೆ ನಕ್ಕದ್ದು. ಎಲ್ಲರಿಗೂ ಹೀಗೇ ಕಾಣುವುದೆಂದು ಮಹಾರಾಣಿಯವರು ಬಹುಕಾಲ ನಂಬಿದ್ದರು.

ಕಳೆದ ಕಾರ್ತಿಕದಲ್ಲಿ ಅವರು ರವಿಕೆ ಹೊಲಿಸುವ ನೆಪದಲ್ಲಿ ಒಬ್ಬರೇ ಹಾಸನಕ್ಕೆ ದಂಡಯಾತ್ರೆ ಹೋಗಿ, ಕಣ್ಣಿನ ವೈದ್ಯರನ್ನು ಕಂಡರು. ವೈದ್ಯರು ಉವಾಚ: ಕಣ್ಣಿನ ಹಿಂಪರದೆ ಅಂಚಿನಿಂದ ಒಣಗುತ್ತಾ ಬರುತ್ತಿದೆ. ಮೊದಲು ರಾತ್ರಿ ಹೋಗುತ್ತೆ, ಆಮೇಲೆ ಪಕ್ಕಗಳು ಹೋಗುತ್ತವೆ. ನಡುವೆ ಒಂದು ಕೊಳವೆಯಷ್ಟು ಉಳಿಯುತ್ತೆ, ಅದು ಎಷ್ಟು ವರ್ಷ ಅಂತ ಹೇಳಕ್ಕಾಗಲ್ಲ. ಕನ್ನಡಕಕ್ಕೆ ಬಗ್ಗಲ್ಲ. ಅಪ್ಪ ಅಮ್ಮ ಸಂಬಂಧದಲ್ಲೇ ಮದುವೆಯಾದವರಾ? ಅಮ್ಮನಿಗೆ ಅಪ್ಪ ಸ್ವಂತ ಸೋದರಮಾವ ಎಂದು ಮಹಾರಾಣಿಯವರು ಬಿನ್ನವಿಸಿದರು. ವೈದ್ಯರು ಪೆನ್ನು ಕೆಳಗಿಟ್ಟರು.

ಇನ್ನು ಶಾಸನದ ಭಾಷೆಯಲ್ಲಿ ಆಗಲ್ಲ.

ಇವರಿಗೆ ಹೇಳಿಲ್ಲ. ಅತ್ತೆಗಂತೂ ಇಲ್ಲ. ಕಣ್ಣು ಕಾಣದವಳನ್ನು ಮುಚ್ಚಿಟ್ಟು ತಂದು ಕಟ್ಟಿದರು ಅಂತಾರೆ. ಅರಸೀಕೆರೆಗೆ ಬಿಟ್ಟು ಬಾ ಅಂತಾರೆ. ಇವರು ಎದುರಾಡೋ ಮನುಷ್ಯ ಅಲ್ಲ. ನನಗೆ ಇವರು ಇಷ್ಟ ಅಣ್ಣ, ಈ ಮನೆ ಇಷ್ಟ. ಬಾಡಿಗೆ ಮನೆ ಚಿಕ್ಕದು, ಗೋಡೆ ಹಿಡಿದೇ ಓಡಾಡಬಹುದು. ಹೊಸ ಮನೇಲಿ ಕೈಗೆ ಗೋಡೆ ಸಿಗಲ್ಲ. ಗೃಹಪ್ರವೇಶದ ಸಂಜೆ ಸ್ವಾಮಿಗಳ ಪಾದಪೂಜೆ ಮಹಡಿ ಮೇಲೆ. ಆಮೇಲೆ ಸೊಸೆ ಆರತಿ ತಟ್ಟೆ ಹಿಡಿದು, ಎಲ್ಲರ ಎದುರಿಗೆ, ಒಬ್ಬಳೇ ಮೆಟ್ಟಿಲು ಇಳೀಬೇಕಂತೆ. ಅತ್ತೆ ದಿನಕ್ಕೆರಡು ಸಲ ಅದನ್ನೇ ಹೇಳಿ ಖುಷಿಪಡ್ತಾರೆ.

ಮೆಟ್ಟಿಲ ದೀಪ ಏನು ಮಾಡಲಿ ಅಂತ ಕೇಳಿದೆಯಲ್ಲ. ಅದನ್ನು ದೊಡ್ಡದು ಮಾಡು. ಇನ್ನು ಆ ವಿಷಯಕ್ಕೆ ಮಾತು ಬೇಡ.

ಶರ್ಮಿ


ಅರಸೀಕೆರೆ
೭ ಫೆಬ್ರವರಿ ೨೦೨೫

ಪುಟ್ಟಿ,

ಓದುತ್ತಾ ಒಂದು ಗಳಿಗೆ ನಂಬಿಬಿಟ್ಟಿದ್ದು ನಿಜ. ಆಮೇಲೆ ನೆನಪಾಯಿತು. ಪಿಯುಸಿಯಲ್ಲಿ ನೀನು ಕಾಲಿಗೆ ಕೆಂಪು ಇಂಕು ಹಚ್ಚಿಕೊಂಡು ಹಾವು ಕಚ್ಚಿತು ಅಂತ ಬಿದ್ದುಕೊಂಡೆ. ಅಪ್ಪ ಬರಿಗಾಲಲ್ಲಿ ಆಟೋ ಕರೆಯಕ್ಕೆ ಓಡಿದರು. ಹಿಂದಿನಿಂದ ನೀನು ಚಪ್ಪಾಳೆ ತಟ್ಟಿದೆ. ಆ ದಿನ ಅಪ್ಪ ಅಂದಿದ್ದು ನಿನಗೆ ನೆನಪಿರಬೇಕು, ಇನ್ನು ನೀನು ನಿಜವಾಗಿ ಸತ್ತರೂ ಎರಡು ಸಲ ನೋಡಿ ಅಳ್ತೀನಿ ಅಂತ.

ವೈದ್ಯರು ಪೆನ್ನು ಕೆಳಗಿಟ್ಟರು ಅನ್ನೋದು ಚೆನ್ನಾಗಿದೆ. ಅದೊಂದು ಸಾಲಿಗೆ ನೂರಕ್ಕೆ ನೂರು.

ದೀಪಕ್ಕೋಸ್ಕರ ಇಷ್ಟು ದೊಡ್ಡ ನಾಟಕ ಬೇಕಿರಲಿಲ್ಲ. ಎಲ್ಲ ಕೋಣೆಗೂ ನೀನು ಕೇಳಿದ್ದನ್ನೇ ಹಾಕ್ತಿದ್ದೀನಿ. ಮೆಟ್ಟಿಲ ದೀಪಾನೂ ನೀನು ಹೇಳಿದ ಹಾಗೆ ದೊಡ್ಡದು ಮಾಡಿದ್ದೀನಿ. ಭಾವನಿಗೂ ತಿಳಿಸಿದೆ, ಸಮಾಧಾನ ಆಯಿತು ಅವರಿಗೆ. ಧೂಳು ಕೂರಬಾರದು ಅಂತ ದೀಪಗಳನ್ನೆಲ್ಲ ಹಿಂದಿನ ದಿನ ಬಂದು ಹಾಕಿಸ್ತೀನಿ.

ಇಂದ್ರೇಶ


ಬೇಲೂರು
೧೨ ಫೆಬ್ರವರಿ ೨೦೨೫

ಅಣ್ಣ,

ಹೌದು. ತಮಾಷೆಗೆ ಬರೆದಿದ್ದು.

ಮೆಟ್ಟಿಲ ದೀಪ ದೊಡ್ಡದು ಮಾಡಿದ್ದಕ್ಕೆ ಉಪಕಾರ ಆಯಿತು. ಅದೊಂದಿದ್ದರೆ ನಾನು ಇಳೀತೀನಿ. ಹಗಲು ಹೊತ್ತು ಅಲ್ಲಿಗೆ ಹೋಗಿ ಹತ್ತಿ ಇಳಿದು ಅಭ್ಯಾಸ ಮಾಡ್ತಾ ಇದೀನಿ. ಬಣ್ಣದವರು ಏನಕ್ಕಾ ಇದು ಅಂತ ಕೇಳಿದರು. ತೂಕ ಇಳಿಸ್ತಾ ಇದೀನಿ ಅಂದೆ.

ಊಟದ ಮೇಜಿನ ಕುರ್ಚಿ ಹಗುರದ್ದು ಬೇಡ, ಜನ ಎಳೆದಾಡಿ ಎಲ್ಲೆಲ್ಲೋ ಬಿಡ್ತಾರೆ. ಭಾರದ್ದು ಕಳಿಸು. ಮತ್ತೆ ಸೋಫಾ ಪಕ್ಕದ ನಿಲುದೀಪ ಅತ್ತೆಗೆ ಕ್ಯಾಟಲಾಗಿನಲ್ಲಿ ಇಷ್ಟವಾಗಿಬಿಟ್ಟಿದೆ. ಬೇಡ ಅನ್ನಕ್ಕೆ ನನಗೆ ಕಾರಣ ಸಿಗಲಿಲ್ಲ. ಕಳಿಸು.

ಶರ್ಮಿ


ಅರಸೀಕೆರೆ
೮ ಮಾರ್ಚ್ ೨೦೨೫

ಶರ್ಮಿಳಾ,

ಗೃಹಪ್ರವೇಶ ಮುಗಿಸಿಕೊಂಡು ಬಂದ ರಾತ್ರಿಯಿಂದ ಇದನ್ನು ಬರೆದು ಹರೀತಾ ಇದೀನಿ. ಆ ಸಂಜೆ ನಿನಗೆ ಕಾಣದೆ ಇದ್ದದ್ದು ನನಗೆ ಕಂಡಿತು. ಅದನ್ನು ನಿನಗೆ ಹೇಳಬೇಕು.

ನಾವೆಲ್ಲ ಹಾಲಿನಲ್ಲಿ ನಿಂತಿದ್ವಿ. ನೀನು ಮೆಟ್ಟಿಲ ತುದಿಗೆ ಬಂದೆ. ತಟ್ಟೆಯಲ್ಲಿ ಕರ್ಪೂರ ಉರೀತಿತ್ತು, ನಿನ್ನ ಮುಖ ಮಾತ್ರ ಕಾಣ್ತಿತ್ತು. ಒಂದು ಹೆಜ್ಜೆ ಮುಂದಿಟ್ಟು ನಿಂತುಬಿಟ್ಟೆ. ಯಾರೋ ಬೇಗ ಬಾರಮ್ಮ ಅಂದರು. ನೀನು ಅಲ್ಲಾಡಲಿಲ್ಲ. ಹಾಲಿನ ಬೆಳಕಿಗೆ ಮೆಟ್ಟಿಲು ನಮಗೆಲ್ಲ ಚೆನ್ನಾಗೇ ಕಾಣ್ತಿತ್ತು, ಹಾಗಾಗಿ ಇದು ನಿನ್ನ ಹೊಸ ಆಟ ಅಂದುಕೊಂಡೆ. ಶಿಲಾಬಾಲಿಕೆ ದೇವಸ್ಥಾನ ಬಿಟ್ಟು ಇಲ್ಲಿಗೆ ಬಂದುಬಿಟ್ಟಿದ್ದಾಳೆ ಅಂತ ಮೊದಲು ಕೂಗಿದವನು ನಾನೇ. ಎಲ್ಲರೂ ನಕ್ಕರು. ನಿಮ್ಮ ಅತ್ತೆಯೂ ನಕ್ಕರು.

ಆಗ ನಿನ್ನ ಕಾಲು ನೋಡಿದೆ. ಸೀರೆ ಅಂಚಿನ ಕೆಳಗೆ ನಿನ್ನ ಹೆಬ್ಬೆರಳು ಮೆಟ್ಟಿಲ ಅಂಚನ್ನು ಹುಡುಕ್ತಾ ಇತ್ತು. ಮುಂದೆ ಹೋಗಿ ಗಾಳಿ ಮುಟ್ಟಿ ಹಿಂದಕ್ಕೆ ಬರ್ತಿತ್ತು. ತಟ್ಟೆ ಓರೆಯಾಗಿ ಉರಿಯೋ ಕರ್ಪೂರ ನಿನ್ನ ಕೈ ಮೇಲೆ ಜಾರಿತು. ನೀನು ತಟ್ಟೆ ಬಿಡಲಿಲ್ಲ, ಕೂಗಲಿಲ್ಲ. ಮುಖದಲ್ಲಿ ನಗು ಇಟ್ಟುಕೊಂಡೇ ನಿಂತಿದ್ದೆ. ಇಷ್ಟು ವರ್ಷ ನಾವು ನೋಡಿಕೊಂಡು ಬಂದದ್ದು ಇದೇ ನಗು.

ಭಾವ ಓಡಿ ಬಂದು ತಟ್ಟೆ ಇಸ್ಕೊಂಡು ನಿನ್ನನ್ನು ಇಳಿಸಿದರು. ಕೈ ಸುಟ್ಟಿದ್ದಕ್ಕೆ ಹಾಗೆ ನಿಂತಳು ಅಂತ ಜನ ಅಂದುಕೊಂಡರು. ಯಾಕೆ ನಿಂತಳು ಅಂತ ಗೊತ್ತಾಗಿದ್ದು ನನಗೊಬ್ಬನಿಗೆ.

ಮೆಟ್ಟಿಲ ದೀಪ ನಾನು ಹಾಕಿಸಿರಲಿಲ್ಲ. ದೊಡ್ಡದು ಮಾಡು ಅಂತ ನೀನು ಬರೆದಿದ್ದನ್ನು ನಮ್ಮ ಮನೆಯ ಮಾತಿನಲ್ಲಿ ಓದಿಕೊಂಡೆ. ತೆಗೆದುಬಿಡು ಅಂತ. ನೀನು ಭಾವನಿಗೋಸ್ಕರ ಬಿಟ್ಟುಕೊಟ್ಟೆ ಅಂತ ಹೆಮ್ಮೆಯೂ ಪಟ್ಟೆ.

ಅಪ್ಪ ಅಮ್ಮನಿಗೆ ಎಲ್ಲ ಹೇಳಿದೆ. ಅಮ್ಮ ಅವತ್ತಿಂದ ಆ ಮಾತು ಆಡಿಲ್ಲ, ಟ್ಯೂಬ್‌ಲೈಟ್ ಉರಿಸಿಕೊಂಡೇ ಮಲಗ್ತಾಳೆ. ಅಲ್ಲಿ ಏನಾಗ್ತಾ ಇದೆ ಬರಿ. ನನಗೆ ಫೋನ್ ಮಾಡಕ್ಕೂ ಭಯ.

ಅಣ್ಣ


ಬೇಲೂರು
೧೨ ಮಾರ್ಚ್ ೨೦೨೫

ಅಣ್ಣ,

ಕೈ ವಾಸಿಯಾಗ್ತಾ ಇದೆ. ನಾನೂ ಆ ಮಾತನ್ನು ಚಿಕ್ಕಂದಿನಿಂದ ಕೇಳಿದವಳೇ, ಬರೆಯುವಾಗ ಹೊಳೆಯಲಿಲ್ಲ, ಹಗಲು ಮಹಡಿ ಹತ್ತುವಾಗ ದೀಪ ಇದೆಯಾ ಅಂತ ತಲೆ ಎತ್ತಿಯೂ ನೋಡಲಿಲ್ಲ. ಅದನ್ನೇ ಅರೆಯುತ್ತಾ ಕೂರಬೇಡ.

ನೀವೆಲ್ಲ ಹೋದ ಮಾರನೇ ದಿನ ಇವರಿಗೆ ಹೇಳಿದೆ. ಹೇಳೋಕೆ ಮುಂಚೆ ಮೂರು ಥರ ತಮಾಷೆ ಮಾಡಿ ನೋಡಿದೆ. ಅವರು ನಗಲಿಲ್ಲ. ಮೆಟ್ಟಿಲ ಮೇಲೆ ಏನಾಯಿತು ಹೇಳು ಅಂತ ಮೂರು ಸಲವೂ ಅದನ್ನೇ ಕೇಳಿದರು. ಹೇಳಿದೆ. ಹಳೇಬೀಡಿನ ಸಂಜೆಯದ್ದೂ ಹೇಳಿದೆ. ಅವರು ಎದ್ದು ಹಾಲಿನ ದೀಪ ಒಂದೊಂದಾಗಿ ಆಫ್ ಮಾಡಿದರು. ಬೀದಿ ದೀಪದ ಬೆಳಕು ಕಿಟಕಿಯಿಂದ ಬರುತ್ತಂತೆ, ಅವರಿಗೆ ಎಲ್ಲ ಕಾಣ್ತಿತ್ತಂತೆ. ನನ್ನ ಎದುರಿಗೇ ನಿಂತು ಕೇಳಿದರು.

“ನಾನು ಕಾಣ್ತೀನಾ?”

“ಇಲ್ಲ.”

“ಕೈ ಎತ್ತಿದೀನಿ. ಏನಾದ್ರೂ?”

“ಇಲ್ಲ ರೀ.”

ಆಮೇಲೆ ಬಹಳ ಹೊತ್ತು ಸದ್ದಿಲ್ಲ. ಹೊರಟೇ ಹೋದರೋ ಅಂದುಕೊಂಡೆ. ಕೈ ಚಾಚಿದರೆ ಅಲ್ಲೇ ಇದ್ದರು, ನೆಲದ ಮೇಲೆ ಕೂತಿದ್ದರು. ಮೈ ನಡುಗ್ತಾ ಇತ್ತು. ನನ್ನ ಸಮಾಧಾನಕ್ಕೆ ಅವರಿಂದ ಒಂದು ಮಾತೂ ಬರಲಿಲ್ಲ. ಬ್ಯಾಂಕಿನವರಿಗೆ ಸುಳ್ಳು ಸಮಾಧಾನ ಹೇಳಕ್ಕೆ ಬರಲ್ಲವೇನೋ. ಇಷ್ಟು ದಿನ ನಾನೊಬ್ಬಳೇ ಹೆದರಿಕೊಂಡು ಓಡಾಡ್ತಿದ್ದೆ, ಈಗ ಮನೇಲಿ ಇಬ್ಬರು.

ಅತ್ತೆಗೆ ಇವರೇ ಹೇಳಿದರು. ಅದಾದ ಮೇಲೆ ಅತ್ತೆ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಅನ್ನ ಬಡಿಸ್ತಾರೆ, ನನ್ನ ಕಡೆ ನೋಡಲ್ಲ.

ಇನ್ನೊಂದು ಮಾತು ನಿನ್ನ ಹತ್ತಿರ ಮುಚ್ಚಿಟ್ಟಿದ್ದೆ. ಒಡಹುಟ್ಟಿದವರೂ ತೋರಿಸಿಕೊಳ್ಳಬೇಕು ಅಂತ ಆ ಡಾಕ್ಟರು ಅವತ್ತೇ ಹೇಳಿದ್ದರು. ಬರೆಯಕ್ಕೆ ಕೈ ಬರಲಿಲ್ಲ.

ಶರ್ಮಿ


ಅರಸೀಕೆರೆ
೧೫ ಮಾರ್ಚ್ ೨೦೨೫

ಶರ್ಮಿ,

ನಿಮ್ಮ ಅತ್ತೆ ಅಪ್ಪನಿಗೆ ಫೋನ್ ಮಾಡಿದ್ದರು, ನಿನಗೆ ಗೊತ್ತೋ ಇಲ್ಲವೋ. ಗೊತ್ತಿದ್ದೂ ಮುಚ್ಚಿಟ್ಟು ಮದುವೆ ಮಾಡಿದ್ರಾ ಅಂತ ಕೇಳಿದರಂತೆ. ನಮಗೂ ಗೊತ್ತಿರಲಿಲ್ಲ ತಾಯಿ ಅಂತ ಅಪ್ಪ ಅಂದರೆ, ಹೆತ್ತವರಿಗೆ ಗೊತ್ತಿರಲಿಲ್ಲ ಅಂದ್ರೆ ಯಾರು ನಂಬ್ತಾರೆ ಅಂದರಂತೆ. ಸ್ವಲ್ಪ ದಿನ ಕರ್ಕೊಂಡು ಹೋಗಿ ಇಟ್ಕೊಳ್ಳಿ, ಆಮೇಲೆ ನೋಡೋಣ ಅಂತ ಹೇಳಿ ಫೋನ್ ಇಟ್ಟರು. ಆಮೇಲೆ ಅಂದರೆ ಯಾವಾಗ ಅಂತ ಕೇಳೋ ಧೈರ್ಯ ಇಲ್ಲಿ ಯಾರಿಗೂ ಬರಲಿಲ್ಲ. ಭಾನುವಾರ, ಇಪ್ಪತ್ತಮೂರಕ್ಕೆ, ಕಾರು ತರ್ತೀನಿ. ಬಟ್ಟೆಬರೆ ಜೋಡಿಸಿಕೊಂಡಿರು. ಎಲ್ಲ ತರಬೇಡ, ಸ್ವಲ್ಪ ಅಲ್ಲೇ ಬಿಟ್ಟು ಬಾ. ತಿರುಗಿ ಹೋಗಕ್ಕೆ ನೆಪ ಇರಲಿ.

ನನ್ನ ಕಣ್ಣಿನ ವಿಷಯಕ್ಕೆ ಈಗ ಅವಸರ ಇಲ್ಲ. ಮಾರ್ಚ್ ತಿಂಗಳು, ಅಂಗಡಿಯಲ್ಲಿ ಲೆಕ್ಕಪತ್ರದ ಕೆಲಸ. ಹೊಸ ಸೋಫಾ ಬಟ್ಟೆಯ ಮಾದರಿ ಬಂದಿವೆ, ಕಡುನೀಲಿ ಒಂದು ಬಹಳ ಚೆನ್ನಾಗಿದೆ.

ನಿನ್ನೆ ಗೋಡೌನಿನ ಷಟರ್ ಎಳೆದುಕೊಂಡು ಒಳಗೆ ನಿಂತಿದ್ದೆ. ಕತ್ತಲಲ್ಲಿ ತೆಂಗಿನಕಾಯಿ ರಾಶಿ ಕಂಡಂಗಾಯಿತು. ಕಂಡಿತೋ, ಅಲ್ಲಿದೆ ಅಂತ ಗೊತ್ತಿದ್ದದ್ದಕ್ಕೆ ಕಂಡ ಹಾಗಾಯಿತೋ ಹೇಳಕ್ಕಾಗಲಿಲ್ಲ. ಬೇಗ ಈಚೆ ಬಂದುಬಿಟ್ಟೆ.

ಅಣ್ಣ


ಬೇಲೂರು
೧೯ ಮಾರ್ಚ್ ೨೦೨೫

ಅಣ್ಣ,

ಭಾನುವಾರ ಕಾರು ತರಬೇಡ. ಲಗೇಜ್ ಆಟೋ ತಾ.

ನಿನ್ನ ಕಾಗದ ಬಂದಾಗ ಬ್ಯಾಗಿಗೆ ಬಟ್ಟೆ ತುಂಬಿದೆ. ತುಂಬಿ ಮುಗಿಸಿ ಹಾಲಿಗೆ ಬಂದೆ. ನಡುಮಧ್ಯಾಹ್ನ, ಅತ್ತೆ ಮಲಗಿದ್ದರು. ಇವರು ಬ್ಯಾಂಕಿಗೆ ಹೋಗುವಾಗ ಬಾಗಿಲಲ್ಲಿ ನಿಂತು, ಅಮ್ಮನಿಗೆ ಹೇಳಿದೀನಿ, ನೀನು ಹೋಗೋದಾದ್ರೆ ನಾನೂ ಅರಸೀಕೆರೆಯಿಂದಲೇ ಓಡಾಡ್ತೀನಿ ಅಂತ, ಅಂದಿದ್ದರು. ಅಮ್ಮನ ಎದುರು ಅವರು ಆಡಿದ ಮೊದಲನೇ ಮಾತಿರಬೇಕು ಅದು. ಆದರೂ ನನಗೆ ನಂಬಿಕೆ ಬರಲಿಲ್ಲ. ಒಬ್ಬ ಮನುಷ್ಯ ಎಷ್ಟು ದಿನ ಓಡಾಡಬಹುದು?

ಸುಮ್ಮನೆ ಇರಕ್ಕಾಗದೆ ಕಣ್ಣು ಮುಚ್ಚಿಕೊಂಡು ಹಾಲಿನಲ್ಲಿ ನಡೆದೆ. ದೀಪ ಎಷ್ಟು ಹಾಕಿಸಿದರೂ ಒಂದು ದಿನ ಅದರಿಂದ ಏನೂ ಆಗಲ್ಲ, ಇದು ನನಗೆ ಮೊದಲಿಂದ ಗೊತ್ತು. ನಿನ್ನ ಕ್ಯಾಟಲಾಗಿಗೆ ಗುರುತು ಹಾಕುವಾಗ ಪ್ರತಿ ಪುಟದಲ್ಲೂ ಗೊತ್ತಿತ್ತು. ಹೋಗೋಕೆ ಮುಂಚೆ ಈ ಮನೇನ ಕೈಯಿಂದ ಒಂದು ಸಲ ಕಲಿತುಬಿಡಬೇಕು ಅನ್ನಿಸಿತು. ಸೋಫಾ ಬೆನ್ನು, ಟೀಪಾಯಿ, ಮೇಜು. ನಿಲುದೀಪಕ್ಕೆ ಡಿಕ್ಕಿ ಹೊಡೆದೆ. ಅದು ಬಿದ್ದ ಸದ್ದಿಗೆ ಅತ್ತೆ ಎದ್ದು ಬಂದರು. ಅಷ್ಟು ದಿನಕ್ಕೆ ಮೊದಲ ಸಲ ನನ್ನ ಜೊತೆ ಮಾತಾಡಿದರು.

“ಏನೇ ಮಾಡ್ತಿದ್ದೀಯ?”

“ಕಲೀತಾ ಇದೀನಿ ಅತ್ತೆ. ಮುಂದೆ ಬೇಕಾಗುತ್ತೆ.”

ಅವರು ಹತ್ತಿರ ಬಂದು, ಈಗ ನನ್ನ ಮುಖ ಕಾಣುತ್ತಾ ಅಂತ ಕೇಳಿದರು. ಕಾಣುತ್ತೆ ಅಂದೆ. ಎಲ್ಲೀತನಕ ಕಾಣುತ್ತೆ ಅಂದರು. ಗೊತ್ತಿಲ್ಲ ಅಂದೆ. ಅವರ ತುಟಿ ಅದುರಿದ್ದು ನನಗೆ ಚೆನ್ನಾಗಿ ಕಾಣಿಸಿತು.

ಬಗ್ಗಿ ನಿಲುದೀಪಾನ ತಾವೇ ಎತ್ತಿದರು, ಇಷ್ಟಪಟ್ಟು ತರಿಸಿದ್ದು. ಎಳೆದುಕೊಂಡು ಹೋಗಿ ವರಾಂಡದಲ್ಲಿ ಇಟ್ಟರು. ತಿರುಗಿ ಬಂದು ಸೊಂಟದ ಮೇಲೆ ಕೈ ಇಟ್ಟುಕೊಂಡು ಹಾಲನ್ನೆಲ್ಲ ನೋಡಿದರು. ಇನ್ನೂ ಏನೇನು ಕಾಲಿಗೆ ಸಿಗುತ್ತೆ ತೋರ್ಸು ಅಂದರು. ತೋರಿಸಿದೆ. ಷೋಕೇಸಿನ ಮುಂದಿನ ಪೀಠ, ಬಾಗಿಲ ಪಕ್ಕದ ಹೂಕುಂಡದ ಸ್ಟ್ಯಾಂಡು, ಅವರ ತಮ್ಮ ಕೊಟ್ಟ ಬೆತ್ತದ ಕುರ್ಚಿ. ಒಂದೊಂದಾಗಿ ಇಬ್ಬರೂ ಹಿಡಿದು ಈಚೆಗೆ ಹಾಕಿದ್ವಿ. ನಾನು ಅಳ್ತಾ ಇದ್ದೆ. ಅದಕ್ಕೂ ಬೈದರು.

“ನನ್ ಹತ್ರ ಮುಚ್ಚಿಟ್ಟೆ ಅನ್ನೋ ಸಿಟ್ಟು ನಂಗೆ ಹೋಗಲ್ಲ ಕಣೇ. ಅದು ಬೇರೆ. ಕಾಲಿಗೆ ಅಡ್ಡ ಬರೋದು ಬೇರೆ.”

ಆಮೇಲೆ ನಾನು ತುಂಬಿದ್ದ ಬ್ಯಾಗನ್ನು ಕಾಲಲ್ಲಿ ತಳ್ಳಿ, ಇದೂ ದಾರಿಗೆ ಅಡ್ಡ ಐತೆ, ಒಳಗಿಡು ಅಂದರು. ಸಂಜೆ ಅಪ್ಪನಿಗೆ ಫೋನ್ ಮಾಡ್ತಾರಂತೆ. ಸ್ಪೀಕರ್ ಹಾಕೇ ಮಾಡ್ತಾರೆ. ಏನು ಹೇಳ್ತಾರೋ, ಇನ್ನೊಂದು ಸಲ ಬೈದರೂ ಬೈಬಹುದು. ಬೈಸಿಕೊಳ್ಳಕ್ಕೆ ಅಪ್ಪನಿಗೆ ಹೇಳು.

ಲಗೇಜ್ ಆಟೋ ಆ ಸಾಮಾನಿಗೆ. ವಾಪಸ್ ತಗೊಂಡು ಹೋಗು.

ಭಯ ಹೋಯಿತು ಅಂತ ನಾನು ಬರೆಯಲ್ಲ. ರಾತ್ರಿ ಎಚ್ಚರವಾದರೆ ಈಗಲೂ ಮೊದಲು ಕೈ ಚಾಚಿ ಗೋಡೆ ಎಲ್ಲಿದೆ ಅಂತ ನೋಡ್ತೀನಿ. ಬೆಳಗ್ಗೆ ಎದ್ದು ಕಿಟಕಿ ಅಂಚಿನಲ್ಲಿ ನಿನ್ನೆ ಕಂಡದ್ದೆಲ್ಲ ಇವತ್ತೂ ಕಾಣುತ್ತಾ ಅಂತ ಎಣಿಸ್ತೀನಿ.

ಭಾನುವಾರ ನೀನು ಇಲ್ಲೇ ಉಳ್ಕೊ. ಆಟೋ ಡ್ರೈವರು ಸಾಮಾನು ತಗೊಂಡು ಹೋಗಲಿ. ಸೋಮವಾರ ಹಾಸನಕ್ಕೆ ನೀನು, ನಾನು, ಇವರು ಹೋಗ್ತಿದ್ದೀವಿ, ಇವರು ರಜ ಹಾಕಿದ್ದಾರೆ. ಮಾರ್ಚ್ ತಿಂಗಳ ಲೆಕ್ಕಪತ್ರ ಅನ್ನಬೇಡ, ಬ್ಯಾಂಕಿನವರಿಗಿಂತ ನಿನಗೇನು ದೊಡ್ಡ ಲೆಕ್ಕವಲ್ಲ. ಕಡುನೀಲಿ ಬಟ್ಟೆಯ ವಿಷಯ ಆಮೇಲೆ.

ಅಲ್ಲಿ ಕಣ್ಣಿಗೆ ಹನಿ ಹಾಕಿ ಒಂದು ಕತ್ತಲೆ ಕೋಣೆಯಲ್ಲಿ ಕೂರಿಸ್ತಾರೆ ಅಣ್ಣ. ಬಹಳ ಹೊತ್ತು ಕೂರಿಸ್ತಾರೆ. ನಾನು ಅಲ್ಲಿ ಒಬ್ಬಳೇ ಕೂತು ನರ್ಸಮ್ಮನನ್ನು ನಗಿಸಿ ನಗಿಸಿ ಸಾಕಾಗಿದ್ದೆ. ನೀನು ಹಾಗೆ ಮಾಡಬೇಡ. ಹೆದರಿಕೆ ಆದರೆ ಹೆದರಿಕೆ ಆಗ್ತಿದೆ ಅನ್ನು. ನಾನು ಪಕ್ಕದಲ್ಲೇ ಕೂತಿರ್ತೀನಿ.

ಶರ್ಮಿ